ಮಾತೃಶಿಲೆ

ಐರ್ಲೆಂಡಿನ ಪಡುಗಡಲ ಇನಿಶ್ಮಾನ್ ದ್ವೀಪದಲ್ಲಿ
ಗುಂಡಿ ತೋಡಲು ಗುದ್ದಲಿಯೇ ಬೇಕಿರಲಿಲ್ಲ.
ಒಂದು ಗೇಣು, ಮುಗಿಯಿತು;
ಠಣ್ಣೆಂದಿತು ಸುಣ್ಣಕಲ್ಲು.

ಬಣ್ಣದ ಪುಸ್ತಕ ಬಿಚ್ಚಿ ಹೋಲಿಸಿದೆ: ಕಡುಗಂದು.
ನೀರು ಹನಿಸಿ ಬೆರಳಲ್ಲಿ ತೀಡಿದೆ:
ಮರಳು ಮರಳು, ಎಳೆಯಾಗಿ ನಿಲ್ಲದು.
ಒಂದು ಚಿಪ್ಪಿನ ಚೂರು.
ತುದಿನಾಲಗೆಗೆ ಇಟ್ಟಾಗ
ಕಲ್ಲುಗೋಡೆಯಾಚೆಯಿಂದ ಬಾಬೀನ್ ಕೇಳಿದಳು,
"ರುಚಿ ಹೇಗಿದೆ?"

ಉಪ್ಪು.

"ಹಾಗಾದರೆ ಅಜ್ಜಿಯ ತಂಗಿ ಹೊತ್ತ ಕಡಲಪಾಚಿ ಇರಬೇಕು.
ಈ ಮೂಲೆಯದು ನನ್ನದು,
ಮಾಕ್‌ದಾರಾ ಹುಟ್ಟುವ ಹಿಂದಿನ ವಾರದವರೆಗೂ ಹೊತ್ತೆ.
ಬಿರುಕಿಗೆ ಜಲ್ಲಿ, ಮೇಲೆ ಮರಳು, ಮೇಲೆ ಪಾಚಿ,
ಮತ್ತೆ ಮರಳು.
ಯಾರ ಬೆನ್ನಿನದೆಂದು ಆಲೂಗಡ್ಡೆ ಕೇಳುವುದಿಲ್ಲ."

ನನ್ನ ನಮೂನೆಯಲ್ಲೊಂದು ಕಾಲಂ: ಮಾತೃಶಿಲೆ.
ಮಣ್ಣು ಯಾವ ಕಲ್ಲಿನ ಮಗು, ಬರೆಯಬೇಕು.
ಈ ಕಲ್ಲು ಹೆತ್ತದ್ದಲ್ಲ ಇದನ್ನು,
ಮಲಗಲು ಜಾಗ ಕೊಟ್ಟಿತು, ಅಷ್ಟೇ.

ಪೆನ್ಸಿಲ್ ಹಿಡಿದು ಕೂತೇ ಇದ್ದೆ.
ಗಾಳಿ ಹಾಳೆ ಮಗುಚುತ್ತಿತ್ತು.
ಗೋಡೆ ದಾಟಿ ಬಂದವಳು
ನನ್ನ ಮಾದರಿಚೀಲಕ್ಕೆ ಕೈಹಾಕಿ
ಅರ್ಧ ಮಣ್ಣು ತೆಗೆದು
ಗುಂಡಿಗೇ ಸುರಿದಳು:
"ನಿನ್ನ ಲೆಕ್ಕಕ್ಕೆ ಇಷ್ಟು ಸಾಕು."