ಸಣ್ಣ ಲೋಟಗಳನ್ನು ತೊಳೆಯುವಾಗ

ತಿಂಗಳ ಮೊದಲ ಭಾನುವಾರದ ಹಿಂದಿನ ದಿನ
ಬೆಟಗೇರಿ ಪೇಟೆಯಲ್ಲಿ ಕರಿದ್ರಾಕ್ಷಿ, ಒಂದು ಕಿಲೋ.
ಕರ್ತನ ಮೇಜಿನ ಸಾಮಾನಿಗೆ ಚೌಕಾಶಿ ಮಾಡಬಾರದೆಂದು
ಅತ್ತೆ ಸುವಾರ್ತವ್ವ ಹೇಳಿಹೋದ ಮಾತು.
ಕುದಿಸಿ, ಹಿಂಡಿ, ಮಾವನ ಹಳೆಯ ಧೋತರದಲ್ಲಿ ಸೋಸಿ
ಸಕ್ಕರೆ ಒಂದು ಹಿಡಿ ಹೆಚ್ಚೇ ಹಾಕುತ್ತೇನೆ.
ಮುದುಕರಿಗೆ ಹುಳಿ ಆಗುವುದಿಲ್ಲ,
ಕ್ರಿಸ್ತನ ರಕ್ತವಾದರೂ.

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ
ಚಾ ಕುಡಿಯುತ್ತ ಕಮಿಟಿ ಚುನಾವಣೆಯ ಮಾತಿಗೆ ನಿಂತಾಗ
ನಾನು ಹಿಂದಿನ ಕೋಣೆಯ ನಲ್ಲಿಯ ಬಳಿ.
ತೊಂಬತ್ತಾರು ಲೋಟ, ಹೆಬ್ಬೆರಳಿಗಿಂತ ತುಸು ದೊಡ್ಡವು.
ಬೆರಳಿಗೆ ಅರಿವೆ ಸುತ್ತಿ ಒಳಗೆ ತಿರುವಬೇಕು.
ತಳದಲ್ಲಿ ಒಂದೊಂದು ಹನಿ ಕೆಂಪು,
ಅಂಚಿನಲ್ಲಿ ಯಾರದೋ ತುಟಿಬಣ್ಣ, ಯಾರದೋ ಎಲೆಯಡಿಕೆ.
ಎಲೆಯಡಿಕೆ ಯಾರದೆಂದು ಗೊತ್ತು,
ಹೇಳುವುದಿಲ್ಲ.

ಇಪ್ಪತ್ತೆರಡು ವರ್ಷ.
ಸಭೆಯ ದಪ್ಪ ರಜಿಸ್ಟರಿನಲ್ಲಿ ನಾನು ನಾಲ್ಕು ಸಲ ಇದ್ದೇನೆ:
ದೀಕ್ಷಾಸ್ನಾನ, ದೃಢೀಕರಣ, ಮದುವೆ,
ಮತ್ತೆ ತಾಯಿಯೆಂದು,
ಮೂರು ದಿನ ಬದುಕಿದ ಕೂಸಿನ ಸಮಾಧಿಯ ಪುಟದಲ್ಲಿ.
ಐದನೆಯ ಪುಟಕ್ಕೆ ವಂತಿಗೆ ಬಾಕಿ ಇಲ್ಲ.

ಇಷ್ಟೆಲ್ಲ ಬರೆದಿದ್ದಾರೆ. ಒಂದು ಬರೆದಿಲ್ಲ.
ಆ ಕೂಸಿನ ನಂತರ ನನಗೆ ಪ್ರಾರ್ಥನೆ ಬರುವುದಿಲ್ಲ.
ಬಾಯಿಗೆ ಬರುತ್ತದೆ, ಎಲ್ಲರ ಜೊತೆ, ತಾಳ ತಪ್ಪದೆ.
ಒಳಗೆ ಮಾತ್ರ ಕರೆಂಟು ಹೋದ ಮಗ್ಗ:
ನೂಲಿದೆ, ಹಾಸಿದೆ,
ಲಾಳಿ ಅರ್ಧ ದಾರಿಯಲ್ಲಿ ನಿಂತಿದೆ.
ಸಭಾಪಾಲಕರಿಗೆ ಒಮ್ಮೆ ಹೇಳಲು ಹೋಗಿದ್ದೆ.
ನಾನು ಬಾಯಿ ತೆರೆಯುವ ಮೊದಲೇ
‘ನಿಮ್ಮಂಥ ವಿಶ್ವಾಸಿಗಳು ಹತ್ತು ಮಂದಿ ಇದ್ರ ಸಾಕಿತ್ರಿ’ ಎಂದರು.
ಚಾ ಕುಡಿದು ಬಂದೆ.

ಹೊರಗೆ, ಗೇಟಿನ ಬಾಜೂಕ, ಬೇವಿನ ಕಟ್ಟೆಯ ಮೇಲೆ
ನೇಕಾರ ಹಂಪಣ್ಣ.
ಪ್ರತಿ ವಾರ ಬರುತ್ತಾನೆ. ಒಳಗೆ ಕಾಲಿಟ್ಟವನಲ್ಲ.
ಯಾವ ರಜಿಸ್ಟರಿನಲ್ಲೂ ಇಲ್ಲ.
ಮಿಷನ್ ಆಸ್ಪತ್ರೆಯಲ್ಲಿ ಹೆಂಡತಿಯ ಕಾಟಿನ ಕೆಳಗೆ
ಹತ್ತೊಂಬತ್ತು ರಾತ್ರಿ ಮಲಗಿದಾಗ
ಯಾರೋ ಜೊತೆಗಿದ್ದರಂತೆ.
ಯಾರಪ್ಪಾ ಅಂದೆ.
‘ಹೆಸರ ಕೇಳಲಿಲ್ರಿ. ನಾ ಅತ್ರ ಅಂವಾನೂ ಅಳತಿದ್ದ.’
ಹೆಂಡತಿ ಉಳಿಯಲಿಲ್ಲ.
ಅವನು ಬರುವುದು ಬಿಡಲಿಲ್ಲ.

ಒಳಗೆ ಬಾ ಎಂದರೆ ತಲೆ ಅಲ್ಲಾಡಿಸುತ್ತಾನೆ.
‘ಒಳಗ ಬಂದ್ರ ಮನ್ಯಾಗಿನವ್ರು ಬಿಡತಾರ.
ಇಲ್ಲೇ ಕುಂತ್ರ ಯಾರೂ ಬಿಡೂದಿಲ್ರಿ, ಇವರೂ, ಅಂವಾನೂ.’

ಇವತ್ತು ಲೋಟ ಒರೆಸುತ್ತಿರುವಾಗ
ಕಿಟಕಿಗೆ ಬಂದು ನಿಂತ.
ಎದೆ ಧಸಕ್ಕೆಂದಿತು. ತಟ್ಟೆಯಲ್ಲಿ
ಯಾರೂ ಮುಟ್ಟದ ಒಂದು ಲೋಟ ತುಂಬಿಯೇ ಇತ್ತು.
ಪ್ರತಿ ತಿಂಗಳೂ ಒಂದು ಉಳಿಯುತ್ತದೆ.
ಅದು ನನ್ನದು.
ಯಾರೂ ಕಾಣದ ಹಾಗೆ ದಾಸವಾಳದ ಬುಡಕ್ಕೆ ಸುರಿದು ಬರುತ್ತೇನೆ;
ಗಿಡ ಚೆನ್ನಾಗಿ ಬಂದಿದೆ ಎನ್ನುತ್ತಾರೆ ಮಂದಿ.
ಇವನಿಗೆ ಕೊಡಬಹುದೆ?
ನಿಯಮ ಏನು? ನಿಯಮ ಕೇಳಲು ನಾನು ಯಾರು?
ಕೈ ಅರ್ಧ ಚಾಚಿದೆ.

‘ನೀರ ಇದ್ರ ಕೊಡ್ರಿ ಅಕ್ಕಾರ, ಬಿಸಲ ಭಾಳ ಐತಿ.’

ಅಷ್ಟು ಸಣ್ಣ ಲೋಟದಲ್ಲಿ ಬಾಯಾರಿಕೆ ಹೋಗುವುದಿಲ್ಲ.
ಚಂಬು ತುಂಬಿ ಕೊಟ್ಟೆ.
ಎತ್ತಿ ಕುಡಿದ, ಗಂಟಲ ಮಣಿ ಏರಿಳಿದು,
ಗಡ್ಡದಿಂದ ಅಂಗಿಗೆ ನೀರು ಸೋರಿ.
ಉಳಿದರ್ಧ ಮರಳಿ ನನ್ನ ಕೈಗಿತ್ತು
‘ನೀವೂ ಕುಡೀರಿ’ ಎಂದ,
ನೀರು ತನ್ನ ಮನೆಯದೆಂಬಂತೆ.

ಕುಡಿದೆ.

ಏನೂ ಆಗಲಿಲ್ಲ.
ಅಂಗಳದಲ್ಲಿ ಚುನಾವಣೆ ಇನ್ನೂ ಮುಗಿದಿರಲಿಲ್ಲ.
ಆಚೆ ಓಣಿಯಲ್ಲಿ ಕರೆಂಟು ಬಂದು
ಯಾರದೋ ಮಗ್ಗ ಖಟಕ್ಕೆಂದಿತು, ಮತ್ತೆ ನಿಂತಿತು.
ತುಂಬಿದ್ದನ್ನೂ ಸೇರಿಸಿ ಲೋಟ ಎಣಿಸಿದೆ.
ತೊಂಬತ್ತೈದು.
ಒಂದು ಎಲ್ಲಿ ಉರುಳಿತೋ, ಬೆಂಚುಗಳ ಕೆಳಗೆ
ಬಗ್ಗಿ ನೋಡಬೇಕು,
ಬೀಗ ಹಾಕುವ ಮೊದಲು.