ಆರು ವಿಳಾಸಗಳು

ತಂತಿ ಬಂದ ಹತ್ತನೇ ದಿನಕ್ಕೆ ಇನ್ನೊಂದು ಲಕೋಟೆ.
ಒಳಗೆ ಟೈಪು ಮಾಡಿದ ಹಾಳೆ, ಆರು ಮನೆಗಳ ವಿಳಾಸ:
ವಿಲ್ಫ್ ಜೊತೆ ಅದೇ ಬಾಂಬರಿನಲ್ಲಿ
ಅದೇ ಡಿಸೆಂಬರ್ ರಾತ್ರಿ ಹೋದವರದು.

ಅಮ್ಮನಿಗೆ ಅಕ್ಷರ ಕೈಗೆ ಹತ್ತದು.
ಗ್ರಿಮ್ಸ್‌ಬಿಯ ಹೊಗೆಮನೆಯಲ್ಲಿ ಮೀನು ತೂಗುಹಾಕಿ ಬಂದು
ಹಳದಿಗಟ್ಟಿದ ಬೆರಳು ಬಿಸಿನೀರಿಗೆ ಅದ್ದಿ
'ಬರಿ' ಅಂದಳು.
ಹದಿಮೂರು ನನಗೆ. ಕಿಟಕಿಗೆ ಕಪ್ಪು ಬಟ್ಟೆ ಎಳೆದು ಬರೆದೆ.

ಅಲ್ಲಿವರೆಗೆ ಅವರ ಹೆಸರೇ ಗೊತ್ತಿರಲಿಲ್ಲ.
ಅಣ್ಣನ ಕಾಗದಗಳಲ್ಲಿ ಅವರು ಬರೀ
ಡುಮ್ಮ, ಪಾದ್ರಿ, ಗೋಧಿಹೊಲ.
ಈಗ ಗೋಧಿಹೊಲಕ್ಕೊಬ್ಬಳು ತಾಯಿ, ಕೆನಡಾದಲ್ಲಿ,
ಮಿಸೆಸ್ ಹಾಲ್ವರ್ಸನ್.
ಪಾದ್ರಿಗೆ ಹೆಂಡತಿ, ಕಾರ್ನ್‌ವಾಲಿನ ಮಿಸೆಸ್ ಟ್ರೆಗಿಯರ್,
ಏಳು ತಿಂಗಳ ಬಸುರಿ.
ಡುಮ್ಮನಿಗೆ ಅಪ್ಪ ಮಾತ್ರ. ಆತ ಉತ್ತರ ಬರೆಯಲಿಲ್ಲ;
ತನ್ನ ಪಾಲಿನ ರೇಷನ್ ಸಕ್ಕರೆ ಕಳಿಸಿದ,
ಕಾಲುಚೀಲದಲ್ಲಿ ಗಂಟು ಕಟ್ಟಿ.

ಎಲ್ಲರ ಕಾಗದವೂ ಸುತ್ತಿ ಬಳಸಿ ಅಲ್ಲಿಗೇ:
ನಿಮಗೇನಾದರೂ ತಿಳಿಯಿತೆ?
ನಮಗಿನ್ನೂ ಇಲ್ಲ.
ಒಂದೇ ಕೆಂಡ, ಏಳು ಒಲೆ,
ಪಕ್ಕದ ಮನೆಯಿಂದ ಬೆಂಕಿ ಇಸಿದುಕೊಂಡ ಹಾಗೆ.
ಅವರೆಲ್ಲ ಅಲ್ಲಿಗೆ ಹೋಗಿ
ಯಾರ ಮನೆ ಸುಟ್ಟು ಬರುತ್ತಿದ್ದರು ಅನ್ನುವುದು
ಯಾರೂ ಬರೆಯಲಿಲ್ಲ. ನಾನೂ.

ಫೆಬ್ರವರಿಯಲ್ಲಿ ಅವನ ಸಾಮಾನು ಬಂತು:
ಸೈಕಲ್ ದೀಪ, ಕ್ಷೌರದ ಕುಂಚ, ಎರಡು ಅಂಗಿ.
ಅಮ್ಮ ಕಾಲರಿಗೆ ಮೂಗು ಒತ್ತಿ ಹುಡುಕಿದಳು.
ಯಾರೋ ಪುಣ್ಯಾತ್ಮರು
ಒಗೆದು ಇಸ್ತ್ರಿ ಮಾಡಿದ್ದರು.

ಮಾರ್ಚಿನಲ್ಲಿ ಕಾರ್ನ್‌ವಾಲಿನ ಕಾಗದ.
ಮೊದಲ ಪದ 'ಕ್ಷಮಿಸಿ'.
ಅವನು ಬದುಕಿದ್ದಾನೆ, ಜರ್ಮನಿಯಲ್ಲಿ, ಸೆರೆಯಲ್ಲಿ.
ಬೇರೆಯವರ ಸುದ್ದಿ ಅವನಿಗೂ ಗೊತ್ತಿಲ್ಲ.
ಕ್ಷಮಿಸಿ, ಅಂತ ಕೊನೆಯಲ್ಲೂ.

'ಬರಿ' ಅಂದಳು ಅಮ್ಮ.
ನಿಬ್ಬು ಅದ್ದಿ ಕಾದೆ. ನಿಬ್ಬು ಒಣಗಿತು, ಮತ್ತೆ ಅದ್ದಿದೆ.
ಮೇಲೆ ವಿಮಾನಗಳು ಹೊರಟಿದ್ದವು, ಸಾಲಾಗಿ;
ಶೆಲ್ಫಿನ ತಟ್ಟೆಗಳು ಗಲಗಲ ಅನ್ನುತ್ತಿದ್ದಂತೆ
ರೂಢಿಯ ಕೈ ಚಾಚಿ ಹಿಡಿದುಕೊಂಡಳು,
ಅಳುವ ಮಗುವನ್ನು ಹಿಡಿದ ಹಾಗೆ, ಸದ್ದಡಗುವವರೆಗೆ.

'ಮಗು ಹುಟ್ಟಿತಾ, ಕೇಳು. ಎಷ್ಟು ತೂಕ, ಕೇಳು.
ಆ ಸಕ್ಕರೆ ಹಾಗೇ ಇದೆ, ಕಳಿಸ್ತೀವಿ ಅನ್ನು.
ಆಮೇಲೆ, ನಮಗೆ ಸಂತೋಷ ಅಂತ...
ಬೇಡ. ಕೊಡು ಇಲ್ಲಿ.'

ಆ ಒಂದು ಪದ ಅವಳೇ ಬರೆದಳು,
ನಾಲಿಗೆ ಕಚ್ಚಿಕೊಂಡು, ನಿಬ್ಬು ಕಾಗದ ಹರಿಯುವಷ್ಟು ಒತ್ತಿ.
ಶಾಯಿ ಆರುವ ಮೊದಲೇ ಮಡಚಿಬಿಟ್ಟಳು.
ಎದುರು ಮಗ್ಗುಲಿಗೂ ಅಚ್ಚು ಬಿದ್ದಿರಬೇಕು,
ತಿರುವುಮುರುವಾಗಿ.