ಎಲೆಕ್ಷನ್ ಸುಣ್ಣ

ಮಶಾಕಸಾಬ ಬಾಯಿ ತೆರೆದ.
ಮೂರು ಬೆರಳು ಹೋಗಬೇಕಾದ ಜಾಗದಲ್ಲಿ
ಎರಡು ಹೋಗಿ ನಿಂತವು.
"ಇಷ್ಟೇ ರೀ ಮೇಡಂ. ಬ್ರಷ್ ಹಿಡೀಲಿಕ್ಕ ಸಾಕಾಗ್ತದ."
ಏಣಿ ಹತ್ತುವಾಗ ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಳ್ಳುವವ,
ಆಳಂದ ಚೆಕ್‌ಪೋಸ್ಟಿನಿಂದ ಜೇವರ್ಗಿ ಕ್ರಾಸಿನ ತನಕ
ಅಂಗಡಿಗಳಿಗೆ ಹೆಸರು ಬರೆದವ.
ಕನ್ನಡ ಎಡದಿಂದ, ಉರ್ದು ಬಲದಿಂದ,
ಎರಡೂ ಬಂದು ಮುಟ್ಟುವಲ್ಲಿ ಒಂದು ಫೋನ್ ನಂಬರು.

ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ.
ಗಾಜ್ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ.
ಉರೀತದೇನು? "ಖಾರ ತಿಂದ್ರ."
ಎಷ್ಟು ವರ್ಷದಿಂದ ಪುಡಿ?
ಅವನು ಲೆಕ್ಕ ಹಾಕಿದ್ದು ವರ್ಷಗಳಲ್ಲಲ್ಲ, ಗೋಡೆಗಳಲ್ಲಿ:
ಹೈವೇ ಗುಂಟ ಗುಟ್ಕಾದ ಜಾಹೀರಾತು ಬರೆದ ಕಾಲ,
ಗೋಡೆಗೆ ಇಷ್ಟೆಂದು ರೊಕ್ಕ, ಮೇಲೊಂದು ಸರ ಪಾಕೀಟು.
"ಪಗಾರದಾಗ ಅರ್ಧ ನಾನೇ ಜಗಿದೀನ್ರಿ."

ಅಕ್ಕಿಕಾಳಿನಷ್ಟು ತುಣುಕು ಕತ್ತರಿಸಿಕೊಂಡೆ.
ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು,
ನೇರಳೆ ಗುಲಾಬಿ ಕುಡಿಸಿ ನೋಡಿದರೆ
ಇನ್ನೂ ಕ್ಯಾನ್ಸರ್ ಅಲ್ಲ.
ಅಲ್ಲ ಎಂದು ಗಟ್ಟಿಯಾಗಿ ಅನ್ನಲಿಕ್ಕೂ ಬಾಯಿಲ್ಲ.
ಕೆಳಸಾಲಿನ ಕೋಶಗಳು ಸಾಲು ಬಿಟ್ಟು ನೂಕಾಡುತ್ತಿವೆ,
ರೇಶನ್ ಅಂಗಡಿಯ ಬಾಗಿಲು ತೆಗೆದ ಗಳಿಗೆಯಂತೆ.

ಉಳಿದ ಚೂರು ಹೈದರಾಬಾದಿಗೆ ಹೋಯಿತು.
ಮೂರು ವಾರಕ್ಕೆ ವರದಿ:
ಪಿ-ಹದಿನಾರು ಎಂಬ ಜೀನಿನಲ್ಲಿ ಒಂದಕ್ಷರವೂ ತಪ್ಪಿಲ್ಲ.
ಸಾಕು, ಇನ್ನು ಒಡೆಯಬೇಡ, ಎಂದು
ಕೋಶಕ್ಕೆ ಹೇಳುವ ವಾಕ್ಯ ಅದು.
ಅವ್ವ ಅಪ್ಪ ಬರೆದುಕೊಟ್ಟ ಹಾಗೇ ಇದೆ.
ಅದರ ಮುಂಬಾಗಿಲಿಗೆ ಮಾತ್ರ
ಒಂದು ಇಂಗಾಲ ಮೂರು ಜಲಜನಕ,
ಮತ್ತೊಂದು, ಮತ್ತೊಂದು, ಮೆತ್ತಿಕೊಂಡು
ಓದಲು ಬಂದವರು ತಡಕಾಡಿ ಹಿಂದಿರುಗಿದ್ದಾರೆ.

ಇದನ್ನು ಇವನಿಗೆ ಹೇಗೆ ಹೇಳುವುದು?
ಪುಸ್ತಕ ಅಂದೆ. ಬೀಗ ಅಂದೆ.
ಶಹಾಬಾದ ಫರಸಿಯ ಗೆರೆಯ ಮೇಲೆ
ಕಾಲ ಹೆಬ್ಬೆರಳು ಎಳೆಯುತ್ತ ಕೇಳಿದ.
ಆಮೇಲೆ, "ಅಂದ್ರ ಎಲೆಕ್ಷನ್ ಸುಣ್ಣ," ಅಂದ.
"ಡೇಟ್ ಹೇಳಿದ ರಾತ್ರಿನೇ ಕಾರ್ಪೊರೇಷನ್‌ದವ್ರು
ಗೋಡಿಗೆಲ್ಲ ಸುಣ್ಣ ಹೊಡೀತಾರಲ್ರಿ.
ನಾ ಬರ್ದದ್ದು ಎಲ್ಲಿಗೂ ಹೋಗಿರಂಗಿಲ್ಲ. ಒಳಗ ಇರ್ತದ.
ಓದ್ಲಿಕ್ಕ ಬರಂಗಿಲ್ಲ, ಅಷ್ಟೇ."

ಎಂಟು ವರ್ಷ ಓದಿದ ನಾನು ಸುಮ್ಮನಾದೆ.

ಹೇಳದೆ ಉಳಿಸಿಕೊಂಡದ್ದೂ ಇದೆ.
ಈ ಸುಣ್ಣಕ್ಕೆ ಒಂದು ಕೆಟ್ಟ ಗುಣ:
ಗೋಡೆ ಒಡೆದು ಎರಡಾದರೆ
ಎರಡಕ್ಕೂ ತನ್ನಷ್ಟಕ್ಕೆ ತಾನೇ ಬಳಿದುಕೊಳ್ಳುತ್ತದೆ.
ತಂಬಾಕು ಕಂಡೇ ಇಲ್ಲದ ನಿನ್ನೆಯ ಕೋಶವೂ
ಬಿಳಿ ಹೊತ್ತೇ ಹುಟ್ಟುತ್ತದೆ.
ಅಡಿಕೆಯೋ, ಹೊಗೆಸೊಪ್ಪೋ, ಅಂಗೈಯಲ್ಲಿ ತಿಕ್ಕಿದ ಆ ಇನ್ನೊಂದು ಸುಣ್ಣವೋ,
ಮೊದಲ ಕೈ ಬಳಿದವರು ಯಾರೆಂದು
ಸ್ಲೈಡಿನಲ್ಲಿ ಸಹಿ ಇಲ್ಲ.

"ತೊಳೀಬಹುದೇನ್ರಿ?"
ಗಾಜಿನ ತಟ್ಟೆಯಲ್ಲಿ ತೊಳೆದವರಿದ್ದಾರೆ, ಅಂದೆ.
ನಿನ್ನ ಬಾಯಲ್ಲಿ ಇನ್ನೂ ಯಾರೂ ಇಲ್ಲ.
ಪುಡಿ ಬಿಡು. ಮೂರು ತಿಂಗಳಿಗೊಮ್ಮೆ ಬಾ.
ಜೇಬಿನ ಪಾಕೀಟು ತೆಗೆದು ನನ್ನ ಮೇಜಿನ ಮೇಲಿಟ್ಟ.
ಬಾಗಿಲ ತನಕ ಹೋಗಿ, ನಿಂತು, ತಿರುಗಿ ನೋಡಿದ,
ನನ್ನನ್ನಲ್ಲ, ಅದನ್ನು,
ಏಣಿ ಇಳಿದವನು ದೂರ ನಿಂತು
ಅಕ್ಷರ ಸೊಟ್ಟಗಿದೆಯೇ ಎಂದು ನೋಡುವಂತೆ.

ಜೂನಿನ ಒಂದು ಸಂಜೆ, ಸೇಡಂ ರಸ್ತೆಯ ಸಿಗ್ನಲ್ಲು.
ಆಗಷ್ಟೇ ನಿಂತ ಮಳೆ. ಎದುರಿನ ಗೋಡೆಯ ಸುಣ್ಣ ನೆನೆದು
ಒಳಗಿಂದ ಕೆಂಪು ಅಕ್ಷರವೊಂದು ಮೇಲೆದ್ದಿತ್ತು: ಸಾ.
ಸಾಕು ಎಂಬುದರ ಸಾ ಇರಲಿಕ್ಕಿಲ್ಲ,
ಯಾರೋ ಸಾಹೇಬರದು.
ಆದರೂ ಆ ತಿರುವು, ಕೊನೆಯಲ್ಲಿ ಬ್ರಷ್ಷನ್ನು ಚಿಮ್ಮಿದ ಆ ಬಾಲ,
ಅವನದೇ.
ಅವನು ಬರಬೇಕಿದ್ದ ತಾರೀಖು ದಾಟಿ ಹನ್ನೊಂದು ದಿನ.
ಹಸಿರು ಬಿದ್ದಿತ್ತಂತೆ.
ಹಿಂದಿನ ಆಟೋದವರು ಹಾರ್ನ್ ಹೊಡೆಯುತ್ತಲೇ ಇದ್ದರು.